412 ಹೆಸರು ಬಂದಿವೆ, ಇದರಲ್ಲಿ ನಿಜವಾದ ಜೊತೆಗಾರರು ಯಾರು?

ಓದುಗರ ಪ್ರಶ್ನೆ: "ಮೇಡಂ, ನಾನು ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ಎರಡನೇ ವರ್ಷ. ಎಸ್‌ಎಚ್‌2 ಭಾಗ ಇರುವ ಒಂದು ಅಡಾಪ್ಟರ್ ಪ್ರೋಟೀನ್ (ಬೇರೆ ಪ್ರೋಟೀನ್‌ಗಳ ನಡುವೆ ಕೊಂಡಿಯಾಗುವಂಥದ್ದು) ಮೇಲೆ ನನ್ನ ಕೆಲಸ. ಜೀವಕೋಶದಲ್ಲಿ ಸಿಗ್ನಲ್ ಸಾಗುವಾಗ ಅದು ಯಾರ ಯಾರ ಜೊತೆ ಅಂಟಿಕೊಳ್ಳುತ್ತದೆ ಅಂತ ಹುಡುಕಬೇಕು. ಪ್ರೋಟೀನಿಗೆ ಫ್ಲ್ಯಾಗ್ ಟ್ಯಾಗ್ (ಹಿಡಿದೆಳೆಯಲು ಒಂದು ಚಿಕ್ಕ ಬಾಲ) ಹಾಕಿ, ಎಚ್‌ಇಕೆ 293ಟಿ ಕೋಶಗಳಲ್ಲಿ ಎಕ್ಸ್‌ಪ್ರೆಸ್ ಮಾಡಿಸಿ, ರೀಪಾ ಬಫರ್‌ನಲ್ಲಿ ಒಡೆದೆ. ಬಫರ್‌ಗೆ ವ್ಯಾನಡೇಟ್, ಇಡಿಟಿಎ, ಡಿಟಿಟಿ ಹಾಕಿದ್ದೆ. ರಾತ್ರಿಯಿಡೀ ಫ್ಲ್ಯಾಗ್ ಬೀಡ್ಸ್ (ಆ ಬಾಲ ಹಿಡಿಯುವ ಆಂಟಿಬಾಡಿ ಅಂಟಿಸಿದ ಮಣಿಗಳು) ಜೊತೆ ತಿರುಗಿಸಿ, ಐದು ಸಲ ತೊಳೆದು, ಯಾವ ಯಾವ ಪ್ರೋಟೀನ್ ಇದೆ ಅಂತ ಹೇಳುವ ಮಾಸ್ ಸ್ಪೆಕ್‌ಗೆ ಕೊಟ್ಟೆ. 412 ಹೆಸರು ಬಂತು. ಮೇಲಿನ ಸಾಲುಗಳಲ್ಲೇ ಕೆರಟಿನ್, ಎಚ್‌ಎಸ್‌ಪಿ 70, ಟ್ಯೂಬುಲಿನ್. ಬರಲೇಬೇಕಿದ್ದ ಇಜಿಎಫ್ ರಿಸೆಪ್ಟರ್ (ಇಜಿಎಫ್ ಎಂಬ ಬೆಳವಣಿಗೆಯ ಸಂಕೇತವನ್ನು ಹಿಡಿಯುವ ಪ್ರೋಟೀನ್) ಮಾತ್ರ ಇಲ್ಲ. ಗೈಡ್ ಸರ್ ಯೀಸ್ಟ್ ಟೂ-ಹೈಬ್ರಿಡ್ ಮಾಡು ಅಂತಾರೆ. ಸೀನಿಯರ್ ಒಬ್ಬರು ಟರ್ಬೋಐಡಿ ಅಂತಾರೆ. ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್‌ಗೆ ಹಾಕಿದರೆ ಒಂದು ಕೈನೇಸ್ (ಫಾಸ್ಫೇಟ್ ಅಂಟಿಸುವ ಕಿಣ್ವ) ಜೊತೆ ಚೆನ್ನಾಗಿ ಕೂರುತ್ತದೆ. ಇನ್ನು ಆರು ಸ್ಯಾಂಪಲ್‌ಗೆ ಆಗುವಷ್ಟೇ ದುಡ್ಡಿದೆ. ಎಲ್ಲಿ ತಪ್ಪಿದೆ? ಮುಂದೆ ಏನು ಮಾಡಲಿ?"

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಕೋ-ಐಪಿ, ಅಂದರೆ ಒಂದು ಪ್ರೋಟೀನನ್ನು ಎಳೆದು ಅದರ ಜೊತೆ ಬಂದವರನ್ನು ಹುಡುಕುವ ಕೆಲಸ, ಮಾಡಿ ಮಾಸ್ ಸ್ಪೆಕ್‌ಗೆ ಕೊಟ್ಟ ಯಾರಿಗೇ ಆದರೂ ಮೊದಲ ಸಲ ಬರುವುದು ಇಂಥದ್ದೇ ಪಟ್ಟಿ. ನಿಮ್ಮ ಕೈಕೆಲಸ ಕೆಟ್ಟಿಲ್ಲ. ಪ್ರಯೋಗವನ್ನು ಹೂಡಿದ ರೀತಿಯಲ್ಲಿ ಎರಡು ಮೂರು ಕಡೆ ಎಡವಿದ್ದೀರಿ, ಅಷ್ಟೇ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ. ಬೇಡದವರು ಯಾಕೆ ಬಂದರು, ಬೇಕಾದವರು ಯಾಕೆ ಬರಲಿಲ್ಲ, ಉಳಿದ ದುಡ್ಡನ್ನು ಎಲ್ಲಿ ಹಾಕಬೇಕು. ನಾನು ಎರಡನೆಯದರಿಂದ ಶುರು ಮಾಡುತ್ತೇನೆ. ರಿಸೆಪ್ಟರ್ ಯಾಕೆ ತಪ್ಪಿಸಿಕೊಂಡಿತು ಅಂತ ಗೊತ್ತಾದರೆ ಉಳಿದ ಎರಡಕ್ಕೂ ದಾರಿ ಕಾಣುತ್ತದೆ.

ಎಸ್‌ಎಚ್‌2 ಭಾಗವನ್ನು ಟೋನಿ ಪಾಸನ್ ಅವರ ಗುಂಪು 1986ರಲ್ಲಿ ಗುರುತಿಸಿತು. ಅದು ಹಿಡಿಯುವುದು ಫಾಸ್ಫೇಟ್ ಅಂಟಿಸಿಕೊಂಡ ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು. ಫಾಸ್ಫೇಟ್ ಇಲ್ಲ ಅಂದರೆ ಹಿಡಿತವೂ ಇಲ್ಲ. ನೀವೂ ಇದನ್ನು ಪಾಠದಲ್ಲಿ ಓದಿರುತ್ತೀರಿ. ಆದರೆ ನಿಮ್ಮ ವಿವರಣೆಯಲ್ಲಿ ಕೋಶಗಳಿಗೆ ಇಜಿಎಫ್ ಕೊಟ್ಟ ಮಾತೇ ಇಲ್ಲ. ಇಜಿಎಫ್ ಕೊಡದೆ ರಿಸೆಪ್ಟರ್ ಮೇಲೆ ಫಾಸ್ಫೇಟ್ ಎಲ್ಲಿಂದ ಬರಬೇಕು? ಜೊತೆಗೆ ಎಚ್‌ಇಕೆ ಕೋಶಗಳಲ್ಲಿ ಆ ರಿಸೆಪ್ಟರ್ ಇರುವುದೇ ಕಡಿಮೆ. ನಾನಾಗಿದ್ದರೆ ಹೀಲಾ ಕೋಶ ತೆಗೆದುಕೊಳ್ಳುತ್ತಿದ್ದೆ. ಹಿಂದಿನ ರಾತ್ರಿ ಸೀರಮ್ ತೆಗೆದು ಉಪವಾಸ ಕೆಡವಿ, ಬೆಳಿಗ್ಗೆ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಲೆಕ್ಕದಲ್ಲಿ ಇಜಿಎಫ್ ಕೊಟ್ಟು, ಐದು ನಿಮಿಷಕ್ಕೆ ಡಿಶ್ ಅನ್ನು ಐಸ್ ಮೇಲೆ ಇಡುತ್ತಿದ್ದೆ. ಈ ಐದು ನಿಮಿಷ ತುಂಬಾ ಮುಖ್ಯ. ಅರ್ಧ ಗಂಟೆ ಬಿಟ್ಟರೆ ರಿಸೆಪ್ಟರ್ ಬಹುಪಾಲು ಕೋಶದ ಒಳಗೆ ಹೋಗಿರುತ್ತದೆ, ಸಿಗ್ನಲ್ ಇಳಿಯುತ್ತಾ ಬಂದಿರುತ್ತದೆ.

ಇನ್ನು ಬಫರ್. ವ್ಯಾನಡೇಟ್ ಹಾಕಿದ್ದು ಸರಿ, ಅದು ಟೈರೋಸಿನ್ ಮೇಲಿನ ಫಾಸ್ಫೇಟ್ ಕಿತ್ತುಹಾಕುವ ಫಾಸ್ಫಟೇಸ್‌ಗಳನ್ನು ತಡೆಯುತ್ತದೆ. ಆದರೆ ಇಡಿಟಿಎ ಮತ್ತು ಡಿಟಿಟಿ, ಎರಡೂ ವ್ಯಾನಡೇಟ್‌ನ ಶಕ್ತಿಯನ್ನು ಕಸಿಯುತ್ತವೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗಾಗಿದೆ. ಇಡಿಟಿಎ ಇಲ್ಲದ ಇನ್ಹಿಬಿಟರ್ ಮಾತ್ರೆ ಸಿಗುತ್ತದೆ, ಅದನ್ನೇ ತರಿಸಿ. ವ್ಯಾನಡೇಟ್ ಅನ್ನು ನೀರಿಗೆ ಸುಮ್ನೆ ಕಲಸಿ ಇಟ್ಟರೂ ಸಾಲದು. ಪಿಎಚ್ 10ಕ್ಕೆ ತಂದಾಗ ದ್ರಾವಣ ಹಳದಿಯಾಗುತ್ತದೆ. ಕುದಿಸಿದರೆ ಬಣ್ಣ ಹೋಗುತ್ತದೆ. ತಣಿಸಿ ಪಿಎಚ್ ನೋಡಿದರೆ ಇಳಿದಿರುತ್ತದೆ, ಮತ್ತೆ 10ಕ್ಕೆ ತಂದರೆ ಮತ್ತೆ ಹಳದಿ. ಮತ್ತೆ ಕುದಿಸಿ. ಪಿಎಚ್ 10ರಲ್ಲೇ ನಿಂತು, ನೀರಿನಂತೆ ತಿಳಿಯಾಗಿ ಉಳಿಯುವವರೆಗೂ ಹೀಗೆ ಮಾಡಬೇಕು. ಆಮೇಲೆ ಚಿಕ್ಕ ಚಿಕ್ಕ ಟ್ಯೂಬ್‌ಗಳಿಗೆ ಹಂಚಿ ಫ್ರೀಜರ್‌ನಲ್ಲಿಡಿ. ನಮ್ಮ ಲ್ಯಾಬ್‌ಗೆ ಬರುವ ಹೊಸ ಹುಡುಗರಿಗೆ ನಾನು ಮೊದಲ ವಾರ ಹೇಳಿಕೊಡುವ ಕೆಲಸ ಇದೇ.

ಮೂರನೆಯ ಕಾರಣ ರೀಪಾ. ಅದರಲ್ಲಿ ಎಸ್‌ಡಿಎಸ್ ಇದೆ, ಡಿಆಕ್ಸಿಕೋಲೇಟ್ ಇದೆ, ಎರಡೂ ಡಿಟರ್ಜೆಂಟ್‌ಗಳು. ಗಟ್ಟಿಯಾದ ಹಿಡಿತ ತಡೆದುಕೊಳ್ಳುತ್ತದೆ, ಸಡಿಲವಾದದ್ದು ಬಿಚ್ಚಿಹೋಗುತ್ತದೆ. ಸಿಗ್ನಲ್ ಸಾಗಿಸುವ ಹಿಡಿತಗಳು ಹೆಚ್ಚಾಗಿ ಸಡಿಲವೇ. ಸಡಿಲ ಇರಲೇಬೇಕು, ಇಲ್ಲದಿದ್ದರೆ ಒಮ್ಮೆ ಹೊತ್ತಿದ ಸಿಗ್ನಲ್ ಆರುವುದೇ ಇಲ್ಲ.

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಕೋಶದ ಗಾತ್ರ ಸುಮಾರು 2 ಪಿಕೋಲೀಟರ್ ಅಂದುಕೊಳ್ಳಿ. ಒಂದು ಕೋಟಿ ಕೋಶ ಸೇರಿದರೂ ಬರೀ 20 ಮೈಕ್ರೋಲೀಟರ್. ಅದನ್ನು ಒಂದು ಮಿಲಿಲೀಟರ್ ಬಫರ್‌ನಲ್ಲಿ ಒಡೆದರೆ ಎಲ್ಲವೂ 50 ಪಟ್ಟು ತೆಳುವಾಗುತ್ತದೆ. ಕೋಶದೊಳಗೆ ಒತ್ತೊತ್ತಾಗಿ ಇದ್ದವರು ಟ್ಯೂಬಿನಲ್ಲಿ ದೂರ ದೂರ ಆಗಿಬಿಡುತ್ತಾರೆ. ಇನ್ನು ಎಸ್‌ಎಚ್‌2 ಹಿಡಿತದ ಕೆಡಿ, ಅಂದರೆ ಅರ್ಧದಷ್ಟು ಜೋಡಿ ಕೂಡಿಕೊಳ್ಳಲು ಬೇಕಾದ ಸಾಂದ್ರತೆ, ಸುಮಾರು 1 ಮೈಕ್ರೋಮೋಲಾರ್ ಇದೆ ಅಂತಿಟ್ಟುಕೊಳ್ಳಿ. ಕೂಡುವ ವೇಗ ಸಾಮಾನ್ಯವಾದದ್ದೇ ಆಗಿದ್ದರೆ, ಕೂಡಿದ ಜೋಡಿಗಳಲ್ಲಿ ಅರ್ಧ ಬಿಡಿಸಿಕೊಳ್ಳಲು ಒಂದು ಸೆಕೆಂಡ್ ಕೂಡ ಬೇಡ, 0.7 ಸೆಕೆಂಡ್ ಸಾಕು. ನೀವು ಐದು ಸಲ ತೊಳೆದಿದ್ದೀರಿ. ಒಂದೊಂದು ಸಲಕ್ಕೂ ಐದೈದು ನಿಮಿಷ ಅಂದರೂ 25 ನಿಮಿಷ ಆಯಿತು.

ಹಾಗಾದರೆ ಕೋ-ಐಪಿ ಯಾರಿಗೂ ಕೆಲಸ ಮಾಡಬಾರದಲ್ವಾ? ಮಾಡುತ್ತದೆ. ಬೀಡ್ಸ್ ಮೇಲೆ ನಿಮ್ಮ ಪ್ರೋಟೀನ್ ಒತ್ತೊತ್ತಾಗಿ ಕೂತಿರುತ್ತದೆ. ಒಂದು ಬಿಟ್ಟದ್ದನ್ನು ಪಕ್ಕದ್ದು ಮತ್ತೆ ಹಿಡಿಯುತ್ತದೆ. ರಿಸೆಪ್ಟರ್ ಮೇಲೆ ಹಿಡಿಯುವ ಜಾಗಗಳೂ ಒಂದಕ್ಕಿಂತ ಜಾಸ್ತಿ. ಆದರೆ ಈ ಅನುಕೂಲ ಬಹಳ ದೂರ ಬರುವುದಿಲ್ಲ. ರಾಗಿಯನ್ನು ಮೊರದಲ್ಲಿ ಕೇರುವವರನ್ನು ನೋಡಿದ್ದೀರಲ್ಲ? ಮೆಲ್ಲಗೆ ಕೇರಿದರೆ ಹೊಟ್ಟು ಉಳಿಯುತ್ತದೆ, ಜೋರಾಗಿ ಕೇರಿದರೆ ಹಗುರ ಕಾಳೂ ಹಾರಿಹೋಗುತ್ತದೆ. ನಿಮ್ಮ ಮೊರದಿಂದ ಕಾಳು ಹಾರಿಹೋಯಿತು, ಮೊರಕ್ಕೇ ಅಂಟಿಕೊಂಡ ಹೊಟ್ಟು ಉಳಿಯಿತು. ರೀಪಾ ಬಿಟ್ಟು ಎನ್‌ಪಿ-40 ಅಥವಾ ಅದಕ್ಕಿಂತ ಮೆದುವಾದ ಡಿಜಿಟೋನಿನ್ ಬಳಸಿ. ಉಪ್ಪು 150 ಮಿಲಿಮೋಲಾರ್ ಇರಲಿ. ಬಫರ್ ಕಡಿಮೆ ಹಾಕಿ. ರಾತ್ರಿಯಿಡೀ ಬೇಡ, ಒಂದೆರಡು ಗಂಟೆ ತಿರುಗಿಸಿ. ಮೂರೇ ಸಲ, ಐಸ್‌ನಷ್ಟು ತಣ್ಣಗಿನ ಬಫರ್‌ನಲ್ಲಿ ಬೇಗ ಬೇಗ ತೊಳೆಯಿರಿ. ಹೊಟ್ಟು ಜಾಸ್ತಿ ಬರುತ್ತದೆ, ನಿಜ. ಅದಕ್ಕೆ ಬೇರೆ ಉಪಾಯ ಇದೆ, ಮುಂದೆ ಹೇಳುತ್ತೇನೆ.

ಈಗ ಆ 412 ಹೆಸರುಗಳ ವಿಷಯ. ಕೆರಟಿನ್ ನಮ್ಮದೇ ಚರ್ಮ, ಕೂದಲು, ಸ್ವೆಟರ್‌ನ ಉಣ್ಣೆಯಿಂದ ಬರುತ್ತದೆ. ಎಚ್‌ಎಸ್‌ಪಿ 70 ಬರಲು ಬೇರೆ ಕಾರಣ. ನೀವು ಒಂದು ಪ್ರೋಟೀನನ್ನು ಕೋಶಕ್ಕೆ ಅಳತೆ ಮೀರಿ ಮಾಡಿಸಿದ್ದೀರಿ. ಎಲ್ಲವೂ ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಮಡಚದೆ ಉಳಿದವನ್ನು ಸುಧಾರಿಸಲು ಎಚ್‌ಎಸ್‌ಪಿ 70 ಬಂದು ಹಿಡಿದುಕೊಳ್ಳುತ್ತದೆ. ಹಿಡಿತ ನಿಜವೇ, ಆದರೆ ಸಿಗ್ನಲ್‌ಗೂ ಅದಕ್ಕೂ ಸಂಬಂಧವಿಲ್ಲ. ಟ್ಯೂಬುಲಿನ್, ಆಕ್ಟಿನ್, ರೈಬೋಸೋಮ್ ಪ್ರೋಟೀನ್‌ಗಳು ಕೋಶದಲ್ಲಿ ಹೇರಳವಾಗಿರುವುದರಿಂದ ಬೀಡ್ಸ್‌ಗೂ ಅಂಟುತ್ತವೆ. ಇಂಥ ಅಂಟುಬುರುಕರನ್ನು ನೂರಾರು ಕಂಟ್ರೋಲ್ ಪ್ರಯೋಗಗಳಿಂದ ಒಟ್ಟುಮಾಡಿ ಕ್ರಾಪೋಮ್ ಎಂಬ ಡೇಟಾಬೇಸ್ ಅನ್ನು 2013ರಲ್ಲಿ ಎಲ್ಲರಿಗೂ ತೆರೆದಿಟ್ಟರು. ನಿಮ್ಮ ಪಟ್ಟಿಯನ್ನು ಇವತ್ತೇ ಅದರ ಜೊತೆ ಹೋಲಿಸಿ. ಖರ್ಚಿಲ್ಲ. ಆದರೆ ಅದರಲ್ಲಿ ಇದೆ ಅಂತ ಕಣ್ಣುಮುಚ್ಚಿ ಹೊಡೆದುಹಾಕಬೇಡಿ. ಟ್ಯೂಬುಲಿನ್ ಜೊತೆ ನಿಜವಾಗಿಯೂ ಕೆಲಸ ಮಾಡುವ ಪ್ರೋಟೀನ್‌ಗಳು ಬೇಕಾದಷ್ಟಿವೆ.

ಇಲ್ಲಿ ಮೂರು ತಪ್ಪು ನಂಬಿಕೆಗಳನ್ನು ಬಿಡಿಸಬೇಕು. "ಜೊತೆಗೆ ಬಂತು ಅಂದರೆ ನೇರವಾಗಿ ಅಂಟಿದೆ" ಎಂಬುದು ಮೊದಲನೆಯದು. ಇಜಿಎಫ್ ರಿಸೆಪ್ಟರನ್ನು ಎಳೆದರೆ ಸಾಸ್ ಎಂಬ ಪ್ರೋಟೀನೂ ಬರುತ್ತದೆ. ಆದರೆ ಸಾಸ್ ರಿಸೆಪ್ಟರನ್ನು ಮುಟ್ಟುವುದೇ ಇಲ್ಲ. ನಡುವೆ ಗ್ರಬ್2 ಇದೆ. ಅದು ತನ್ನ ಎಸ್‌ಎಚ್‌2 ಭಾಗದಿಂದ ರಿಸೆಪ್ಟರನ್ನು, ಎಸ್‌ಎಚ್‌3 ಭಾಗಗಳಿಂದ ಸಾಸ್ ಅನ್ನು ಹಿಡಿದಿರುತ್ತದೆ. ಸಾಸ್ ಪೊರೆಯ ಹತ್ತಿರ ಬಂದದ್ದೇ ರಾಸ್ ಎಂಬ ಸಿಗ್ನಲ್ ಸ್ವಿಚ್ ಎಚ್ಚರವಾಗುತ್ತದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಈ ಸರಪಳಿ ಬಿಚ್ಚಿಕೊಂಡಾಗ ಎಷ್ಟೋ ಜನರಿಗೆ ಅಡಾಪ್ಟರ್ ಅಂದರೆ ಏನು ಅಂತ ಮೊದಲ ಸಲ ಮನದಟ್ಟಾಯಿತು.

"ಬಂದವರೆಲ್ಲ ಕೋಶದಲ್ಲೂ ಭೇಟಿಯಾಗುತ್ತಾರೆ" ಎಂಬುದು ಎರಡನೆಯದು. ಕೋಶ ಒಡೆದ ಕ್ಷಣದಿಂದ ನ್ಯೂಕ್ಲಿಯಸ್‌ನವರು, ಮೈಟೋಕಾಂಡ್ರಿಯಾದವರು, ಪೊರೆಯವರು ಎಲ್ಲ ಒಂದೇ ಟ್ಯೂಬಿನಲ್ಲಿ. ಬದುಕಿನಲ್ಲಿ ಎಂದೂ ಎದುರಾಗದವರು ಅಲ್ಲಿ ಕೈಹಿಡಿಯಬಹುದು. "ಬರಲಿಲ್ಲ ಅಂದರೆ ಅಂಟುವುದಿಲ್ಲ" ಎಂಬುದು ಮೂರನೆಯದು. ಅದು ಯಾಕೆ ತಪ್ಪು ಅಂತ ಈಗ ನಿಮಗೆ ಗೊತ್ತಾಗಿದೆ.

ನನಗಾದ ಒಂದು ನಷ್ಟವನ್ನೂ ಹೇಳುತ್ತೇನೆ. ಪೋಸ್ಟ್‌ಡಾಕ್ ದಿನಗಳಲ್ಲಿ 25 ಕಿಲೋಡಾಲ್ಟನ್ ಹತ್ತಿರ ಒಂದು ಬ್ಯಾಂಡ್ ಸಿಕ್ಕಿತು. ಪ್ರತಿ ಬ್ಲಾಟ್‌ನಲ್ಲೂ (ಪ್ರೋಟೀನ್‌ಗಳನ್ನು ಗಾತ್ರದಂತೆ ಬಿಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಅದೇ ಜಾಗ, ಅಷ್ಟೇ ಚೊಕ್ಕ. ಗ್ರಬ್2 ಕೂಡ ಅಷ್ಟೇ ಗಾತ್ರದ್ದು, ಹಾಗಾಗಿ ಅದೇ ಇರಬೇಕೆಂದು ನಂಬಿದೆ. ಮೂರು ತಿಂಗಳು ಅದರ ಹಿಂದೆ ಹೋದೆ. ಕೊನೆಗೆ ಜೊತೆಯವಳೊಬ್ಬಳು, "ಲೈಸೇಟ್ (ಒಡೆದ ಕೋಶದ ರಸ) ಹಾಕದೆ, ಬರೀ ಆಂಟಿಬಾಡಿ ಮತ್ತು ಬೀಡ್ಸ್ ಒಂದು ಲೇನ್‌ನಲ್ಲಿ ಓಡಿಸಿ ನೋಡು" ಅಂದಳು. ಓಡಿಸಿದೆ. ಬ್ಯಾಂಡ್ ಅಲ್ಲೇ ಇತ್ತು. ಅದು ಆಂಟಿಬಾಡಿಯದೇ ಲೈಟ್ ಚೈನ್. ಹೆವಿ ಚೈನ್ 50ರಲ್ಲಿ, ಲೈಟ್ ಚೈನ್ 25ರಲ್ಲಿ ಬರುತ್ತದೆ. ಆ ಎರಡು ಜಾಗದಲ್ಲಿ ಏನೇ ಕಂಡರೂ ಮೊದಲು ಈ ಲೇನ್ ಹಾಕಿ. ಬೀಡ್ಸ್ ಅನ್ನು ಕುದಿಸಿ ಇಳಿಸುವ ಬದಲು ಫ್ಲ್ಯಾಗ್ ಪೆಪ್ಟೈಡ್ ಕೊಟ್ಟು ಇಳಿಸಿದರೆ ಆಂಟಿಬಾಡಿ ಹೆಚ್ಚಾಗಿ ಬೀಡ್ಸ್ ಮೇಲೇ ಉಳಿಯುತ್ತದೆ. ಮಾಸ್ ಸ್ಪೆಕ್‌ಗೂ ಅದು ಒಳ್ಳೆಯದು.

ನಿಮಗೆ ಬಂದ ಸಲಹೆಗಳಿಗೆ ಬರೋಣ.

ಯೀಸ್ಟ್ ಟೂ-ಹೈಬ್ರಿಡ್ ಅನ್ನು ಸ್ಟ್ಯಾನ್ಲಿ ಫೀಲ್ಡ್ಸ್ ಮತ್ತು ಓಕ್-ಕ್ಯು ಸಾಂಗ್ 1989ರಲ್ಲಿ ತೋರಿಸಿಕೊಟ್ಟರು. ಎರಡೆರಡೇ ಪ್ರೋಟೀನ್‌ಗಳ ನೇರ ಹಿಡಿತ ಹುಡುಕಲು ಇವತ್ತಿಗೂ ಒಳ್ಳೆಯ ವಿಧಾನ. ನಿಮ್ಮ ಗೈಡ್ ಹೇಳಿದ್ದರಲ್ಲಿ ಅರ್ಥವಿದೆ. ಆದರೆ ಯೀಸ್ಟ್‌ನಲ್ಲಿ ನಮ್ಮ ಕೋಶಗಳಲ್ಲಿರುವಂಥ ಟೈರೋಸಿನ್ ಕೈನೇಸ್‌ಗಳಿಲ್ಲ. ಬೇರೆಯಾಗಿ ಒಂದು ಕೈನೇಸ್ ಸೇರಿಸದ ಹೊರತು ನಿಮ್ಮ ಎಸ್‌ಎಚ್‌2 ಭಾಗಕ್ಕೆ ಅಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ನಿಮ್ಮ ಪ್ರೋಟೀನಿನಲ್ಲಿ ಎಸ್‌ಎಚ್‌3 ಭಾಗವೂ ಇದ್ದರೆ ಅದರ ಜೊತೆಗಾರರನ್ನು ಹುಡುಕಲು ಬಳಸಬಹುದು. ಇದನ್ನು ಸರ್ ಹತ್ತಿರ ಹೀಗೇ ಹೇಳಿ, ಅವರಿಗೂ ಒಪ್ಪಿಗೆಯಾಗುತ್ತದೆ.

ಟರ್ಬೋಐಡಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಈಗ ಎಲ್ಲರ ಬಾಯಲ್ಲೂ ಅದೇ. ನಿಮ್ಮ ಪ್ರೋಟೀನಿಗೆ ಒಂದು ಕಿಣ್ವ ಜೋಡಿಸುತ್ತೀರಿ. ಅದು ಸುತ್ತ ಸುಮಾರು 10 ನ್ಯಾನೋಮೀಟರ್ ಅಳತೆಯಲ್ಲಿ ಇರುವವರಿಗೆಲ್ಲ ಬಯೋಟಿನ್ ಗುರುತು ಹಚ್ಚುತ್ತದೆ. 2012ರಲ್ಲಿ ಬಂದ ಬಯೋಐಡಿಗೆ 18ರಿಂದ 24 ಗಂಟೆ ಬೇಕಿತ್ತು, 2018ರ ಟರ್ಬೋಐಡಿಗೆ 10 ನಿಮಿಷ ಸಾಕು. ಇದರ ದೊಡ್ಡ ಲಾಭ ಅಂದರೆ ಗುರುತು ಕೋಶ ಜೀವಂತ ಇರುವಾಗಲೇ ಬೀಳುತ್ತದೆ. ಆಮೇಲೆ ಹಿಡಿತ ಬಿಚ್ಚಿದರೂ ಚಿಂತೆಯಿಲ್ಲ. ಬಯೋಟಿನ್ ಮತ್ತು ಅದನ್ನು ಹಿಡಿಯಲು ಬಳಸುವ ಸ್ಟ್ರೆಪ್ಟಾವಿಡಿನ್ ಪ್ರೋಟೀನಿನ ನಂಟು ಎಷ್ಟು ಗಟ್ಟಿ ಅಂದರೆ ಎಸ್‌ಡಿಎಸ್ ಹಾಕಿ ತೊಳೆದರೂ ಬಿಡುವುದಿಲ್ಲ. ಸಡಿಲ ಹಿಡಿತ ಹುಡುಕುವವರಿಗೆ ಇದು ವರ.

ಅಪಾಯಗಳೂ ಇವೆ. ಗುರುತು ಬಿದ್ದವರು ನೆರೆಹೊರೆಯವರು, ನೆಂಟರು ಅಂತ ಹೇಳಲಾಗದು. ಸೀರಮ್‌ನಲ್ಲಿ ಬಯೋಟಿನ್ ಇರುತ್ತದೆ, ಆರ್‌ಪಿಎಂಐ ಮೀಡಿಯಂನಲ್ಲೂ ಇದೆ. ಟರ್ಬೋಐಡಿ ಚುರುಕು ಕಿಣ್ವ, ನೀವು ಬಯೋಟಿನ್ ಕೊಡುವ ಮೊದಲೇ ಗುರುತು ಹಚ್ಚಲು ಶುರು ಮಾಡಿರುತ್ತದೆ. ಕೋಶದಲ್ಲಿ ಹುಟ್ಟಿನಿಂದಲೇ ಬಯೋಟಿನ್ ಹೊತ್ತಿರುವ ಕಾರ್ಬಾಕ್ಸಿಲೇಸ್‌ಗಳೂ ಇವೆ. ಬ್ಲಾಟ್‌ನಲ್ಲಿ 75 ಮತ್ತು 130 ಕಿಲೋಡಾಲ್ಟನ್ ಸುತ್ತ ಎಲ್ಲ ಲೇನ್‌ಗಳಲ್ಲೂ ಬ್ಯಾಂಡ್ ಕಂಡರೆ ಅವೇ, ಹಿಗ್ಗಬೇಡಿ. ನಿಮ್ಮ ಪ್ರಶ್ನೆಗೆ ಇನ್ನೊಂದು ತೊಡಕು: ನೀವು ಹಿಡಿಯಬೇಕಾದದ್ದು ಐದು ನಿಮಿಷದ ಘಟನೆ, ಇದರ ಗುರುತು ಹತ್ತು ನಿಮಿಷದ್ದು. ಇದೇ ರೀತಿ ಗುರುತು ಹಚ್ಚುವ ಎಪೆಕ್ಸ್2 ಎಂಬ ಕಿಣ್ವ ಒಂದೇ ನಿಮಿಷದಲ್ಲಿ ಮುಗಿಸುತ್ತದೆ. ಆದರೆ ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಕೊಡಬೇಕು, ಮತ್ತು ಪೆರಾಕ್ಸೈಡ್ ಟೈರೋಸಿನ್ ಫಾಸ್ಫಟೇಸ್‌ಗಳನ್ನು ತಾನೇ ಕಟ್ಟಿಹಾಕುತ್ತದೆ. ಟೈರೋಸಿನ್ ಸಿಗ್ನಲ್ ಅಳೆಯಲು ಹೋಗಿ ಅದನ್ನೇ ಕದಲಿಸಿದಂತೆ ಆಗಬಹುದು. ಪೆರಾಕ್ಸೈಡ್ ಮಾತ್ರ ಕೊಟ್ಟ ಕಂಟ್ರೋಲ್ ಇಲ್ಲದೆ ಆ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಆಲ್ಫಾಫೋಲ್ಡ್ ವಿಷಯ. "ಚೆನ್ನಾಗಿ ಕೂರುತ್ತದೆ" ಅಂದಿರಿ. ಚಿತ್ರ ನೋಡಿ ಹೇಳಿದಿರೋ, ಐಪಿಟಿಎಂ ಅಂಕ (ಜೋಡಣೆಯ ಮೇಲೆ ಅದಕ್ಕೇ ಎಷ್ಟು ಭರವಸೆ ಎಂಬ ಅಳತೆ) ನೋಡಿದಿರೋ? ಅದು 0.8ಕ್ಕಿಂತ ಮೇಲಿದ್ದರೆ ಗಮನ ಕೊಡಿ. 0.6ಕ್ಕಿಂತ ಕೆಳಗಿದ್ದರೆ ಚಿತ್ರ ಎಷ್ಟೇ ಚೆಂದ ಇದ್ದರೂ ಬಿಡಿ. ಇನ್ನೊಂದು, ಹಿಂದಿನ ಆವೃತ್ತಿಗಳಿಗೆ ಫಾಸ್ಫೇಟ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. 2024ರಲ್ಲಿ ಬಂದ ಆಲ್ಫಾಫೋಲ್ಡ್ 3ಕ್ಕೆ ಫಾಸ್ಫೇಟ್ ಇರುವ ಟೈರೋಸಿನ್ ಕೊಡಬಹುದು. ಕೊಟ್ಟು ಒಮ್ಮೆ, ಕೊಡದೆ ಒಮ್ಮೆ ಓಡಿಸಿ ಹೋಲಿಸಿ. ಆಗಲೂ ಅದು ಹೇಳುವುದು ಇಬ್ಬರೂ ಹೇಗೆ ಕೂರಬಹುದು ಅಂತ ಮಾತ್ರ. ಆ ಇಬ್ಬರೂ ಒಂದೇ ಕೋಶದಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಇರುತ್ತಾರೋ ಇಲ್ಲವೋ ಅದಕ್ಕೆ ತಿಳಿಯದು. ಪ್ರೋಟೀನ್‌ಗಳ ನಂಟುಗಳನ್ನು ಪಟ್ಟಿಮಾಡುವ ಸ್ಟ್ರಿಂಗ್ ಡೇಟಾಬೇಸ್‌ನ ಅಂಕಕ್ಕೂ ಇದೇ ಎಚ್ಚರಿಕೆ. ಎರಡು ಹೆಸರು ಒಂದೇ ಸಂಶೋಧನಾ ಲೇಖನದಲ್ಲಿ ಒಟ್ಟಿಗೆ ಬಂದಿದ್ದರೂ ಅಲ್ಲಿ ಅಂಕ ಏರುತ್ತದೆ. ಯಾವ ಪ್ರಯೋಗದಿಂದ ಬಂದ ಅಂಕ ಅಂತ ತೆರೆದು ನೋಡಿ. ಈ ಮಾತು ಬಂದಾಗ ನನಗೆ ನೆನಪಾಗುವುದು ನಮ್ಮ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್. ಅಲ್ಲಿನವರು ಜಾನ್ಸ್ ಹಾಪ್ಕಿನ್ಸ್ ಜೊತೆ ಸೇರಿ, ಲೇಖನಗಳನ್ನು ಕೂತು ಓದಿ, ಮಾನವ ಪ್ರೋಟೀನ್‌ಗಳ ಹಿಡಿತಗಳನ್ನು ಕೈಯಾರೆ ದಾಖಲಿಸಿ 2003ರಲ್ಲಿ ಎಚ್‌ಪಿಆರ್‌ಡಿ ಹೊರತಂದರು. ಒಂದೊಂದು ಜೋಡಿಯ ಹಿಂದೆಯೂ ಯಾರೋ ಒಬ್ಬರು ಮೂಲ ಪ್ರಯೋಗ ಓದಿದ್ದರು. ನೀವೂ ಹಾಗೇ ಓದಬೇಕು.

ಈಗ ಆರು ಸ್ಯಾಂಪಲ್. ನನ್ನ ಸಲಹೆ ಹೊಸ ವಿಧಾನಕ್ಕೆ ಹಾರಬೇಡಿ ಅಂತ. ದುಡ್ಡನ್ನು ಕಂಟ್ರೋಲ್‌ಗೆ ಹಾಕಿ. ಎಸ್‌ಎಚ್‌2 ಭಾಗಗಳಲ್ಲಿ ಫಾಸ್ಫೇಟನ್ನು ಹಿಡಿಯುವ ಒಂದು ಆರ್ಜಿನಿನ್ ಇದೆ. ಗ್ರಬ್2ನಲ್ಲಿ ಅದು 86ನೇ ಸ್ಥಾನದ್ದು. ಅದನ್ನು ಲೈಸಿನ್ ಮಾಡಿದರೆ ಫಾಸ್ಫೇಟ್ ಹಿಡಿತ ಹೋಗುತ್ತದೆ, ಉಳಿದ ಪ್ರೋಟೀನ್ ಹಾಗೇ ಇರುತ್ತದೆ. ನಿಮ್ಮ ಪ್ರೋಟೀನಿನಲ್ಲಿ ಅದಕ್ಕೆ ಸಮನಾದ ಆರ್ಜಿನಿನ್ ಹುಡುಕಿ ಬದಲಿಸಿ. ಮೂರು ಸ್ಯಾಂಪಲ್ ಮೂಲ ಪ್ರೋಟೀನಿಂದ, ಮೂರು ಈ ಮ್ಯುಟೆಂಟ್‌ನಿಂದ. ಆರಕ್ಕೂ ಇಜಿಎಫ್ ಐದು ನಿಮಿಷ. ಕೆರಟಿನ್ ಎರಡೂ ಕಡೆ ಬರುತ್ತದೆ. ಟ್ಯೂಬುಲಿನ್ ಎರಡೂ ಕಡೆ ಬರುತ್ತದೆ. ಮೂಲದಲ್ಲಿ ಇದ್ದು ಮ್ಯುಟೆಂಟ್‌ನಲ್ಲಿ ಬಿದ್ದುಹೋದವರೇ ನೀವು ಹುಡುಕುತ್ತಿರುವವರು. ಮೆಲ್ಲಗೆ ಕೇರಿದ್ದರಿಂದ ಉಳಿದ ಹೊಟ್ಟಿಗೆ ನಾನು ಹೇಳಿದ ಉಪಾಯ ಇದೇ. ಖಾಲಿ ವೆಕ್ಟರ್ ಕಂಟ್ರೋಲ್‌ಗಿಂತ ನನಗೆ ಇದು ಮೇಲು. ಖಾಲಿ ವೆಕ್ಟರ್‌ನಲ್ಲಿ ಜಾಸ್ತಿ ಮಾಡಿಸಿದ ಪ್ರೋಟೀನೇ ಇರುವುದಿಲ್ಲ, ಎಚ್‌ಎಸ್‌ಪಿ 70 ಕೂಡ ಜೊತೆಗಾರನಂತೆ ಕಾಣುತ್ತದೆ.

ಇದರಲ್ಲಿ ಎರಡು ಅಪಾಯ. ಎಸ್‌ಎಚ್‌3 ಅಥವಾ ಬೇರೆ ಭಾಗ ಹಿಡಿಯುವವರು ಎರಡೂ ಕಡೆ ಸಮವಾಗಿ ಬಂದು ವ್ಯತ್ಯಾಸದಲ್ಲಿ ಅಳಿಸಿಹೋಗುತ್ತಾರೆ. ಅವರನ್ನು ಕ್ರಾಪೋಮ್ ಜೊತೆ ಹೋಲಿಸಿ ಬೇರೆಯಾಗಿ ಹೆಕ್ಕಬೇಕು. ಇನ್ನೊಂದು, ಮ್ಯುಟೆಂಟ್ ಸರಿಯಾಗಿ ಮಡಚಿಕೊಳ್ಳದೆ ಹೋಗಬಹುದು. ಅದರ ಪ್ರಮಾಣ ಮೂಲದಷ್ಟೇ ಇದೆಯೇ, ಎಚ್‌ಎಸ್‌ಪಿ 70 ಅದರಲ್ಲಿ ಏರಿದೆಯೇ ಅಂತ ಬ್ಲಾಟ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಪ್ಲಾಸ್ಮಿಡ್ ಕಡಿಮೆ ಹಾಕಿ, ಕೋಶದ ಸ್ವಂತ ಪ್ರಮಾಣಕ್ಕೆ ಆದಷ್ಟು ಹತ್ತಿರ ಇರಲಿ. ಮೂರು ಸ್ಯಾಂಪಲ್ ಅಂದರೆ ಬೇರೆ ಬೇರೆ ದಿನದ ಮೂರು ಡಿಶ್. ಒಂದೇ ಡಿಶ್‌ನ ಲೈಸೇಟನ್ನು ಮೂರು ಪಾಲು ಮಾಡಿದರೆ ಅದು ಒಂದೇ ಸ್ಯಾಂಪಲ್.

ರಿಸೆಪ್ಟರ್ ಆಗಲೂ ಬರದಿದ್ದರೆ ಡಿಎಸ್‌ಪಿ ಕ್ರಾಸ್‌ಲಿಂಕರ್ ಪ್ರಯತ್ನಿಸಿ. ಅದು ಕೋಶದ ಒಳಗೆ ಹೋಗಿ ಪಕ್ಕಪಕ್ಕದ ಲೈಸಿನ್‌ಗಳನ್ನು ಕಟ್ಟುತ್ತದೆ, ಆಮೇಲೆ ಡಿಟಿಟಿಯಿಂದ ಬಿಚ್ಚಬಹುದು. ಟ್ರಿಸ್ ಇರುವ ಬಫರ್‌ನಲ್ಲಿ ಮಾಡಬೇಡಿ, ಟ್ರಿಸ್ ಅದನ್ನು ನುಂಗಿಬಿಡುತ್ತದೆ. ಪ್ರಮಾಣ ಜಾಸ್ತಿಯಾದರೆ ಎಲ್ಲರನ್ನೂ ಎಲ್ಲರಿಗೂ ಕಟ್ಟುತ್ತದೆ, ಕಡಿಮೆಯಿಂದ ಶುರು ಮಾಡಿ.

ಪಟ್ಟಿ ಹತ್ತು ಹನ್ನೆರಡು ಹೆಸರಿಗೆ ಇಳಿದ ಮೇಲೆ ಇಬ್ಬರನ್ನೋ ಮೂವರನ್ನೋ ಆರಿಸಿ, ಅವರನ್ನು ಬಿಡದೆ ಹಿಡಿಯಿರಿ. ಟ್ಯಾಗ್ ಇಲ್ಲದ, ಕೋಶದ ಸ್ವಂತ ಪ್ರೋಟೀನನ್ನೇ ಎಳೆದು ನೋಡಿ. ಆಮೇಲೆ ಎದುರಿನವರನ್ನು ಎಳೆದಾಗ ನಿಮ್ಮದು ಬರುತ್ತದೆಯೇ ನೋಡಿ. ನೇರ ಹಿಡಿತವೇ ಅಂತ ತಿಳಿಯಲು ಫಾಸ್ಫೇಟ್ ಇರುವ ಪೆಪ್ಟೈಡ್ ಮಾಡಿಸಿ, ಶುದ್ಧ ಎಸ್‌ಎಚ್‌2 ಜೊತೆ, ಹಿಡಿತದ ಬಲ ಅಳೆಯುವ ಐಟಿಸಿ ಅಥವಾ ಎಸ್‌ಪಿಆರ್ ಯಂತ್ರದಲ್ಲಿ ಅಳೆಯಿರಿ. ಇ. ಕೋಲೈನಲ್ಲಿ ಮಾಡಿದ ಪೂರ್ತಿ ಪ್ರೋಟೀನ್ ತೆಗೆದುಕೊಂಡರೆ ಅದರ ಮೇಲೆ ಫಾಸ್ಫೇಟ್ ಇರುವುದಿಲ್ಲ, ಮತ್ತೆ ಮೊದಲಿನ ತಪ್ಪೇ ಆಗುತ್ತದೆ.

ಮಾಸ್ ಸ್ಪೆಕ್‌ಗೆ ಕೊಡುವ ಮೊದಲು ಒಂದು ಬ್ಲಾಟ್ ಮಾತ್ರ ಖಂಡಿತ ಮಾಡಿ. ಇಜಿಎಫ್ ಕೊಟ್ಟು 0, 2, 5, 15, 30 ನಿಮಿಷ. ಹೊಸ ಬಫರ್, ಹೊಸದಾಗಿ ಕುದಿಸಿದ ವ್ಯಾನಡೇಟ್. ಲೈಸೇಟನ್ನು ಟೈರೋಸಿನ್ ಫಾಸ್ಫೇಟ್ ಆಂಟಿಬಾಡಿಯಿಂದ, ಐಪಿಯನ್ನು ರಿಸೆಪ್ಟರ್ ಆಂಟಿಬಾಡಿಯಿಂದ ನೋಡಿ. ಲೈಸೇಟ್‌ನಲ್ಲಿ ಐದನೇ ನಿಮಿಷಕ್ಕೆ 170 ಕಿಲೋಡಾಲ್ಟನ್ ಹತ್ತಿರ ಬ್ಯಾಂಡ್ ಬರದಿದ್ದರೆ ಆರೂ ಸ್ಯಾಂಪಲ್ ಫ್ರೀಜರ್‌ನಲ್ಲೇ ಇರಲಿ, ಆ ಬ್ಲಾಟ್‌ನ ಚಿತ್ರ ನನಗೆ ಕಳಿಸಿ. ಜೊತೆಗೆ ಬರೀ ಬೀಡ್ಸ್ ಹಾಕಿದ ಲೇನ್ ಇರಲಿ.